ಸಾರು ಹಾಕುವ ಮೊದಲು ಊರು ಬಿಟ್ಟವರು

ನಮ್ಮೂರ ಶಾಲೆ ಮುಚ್ಚಿಸಿದ್ದು ಸರ್ಕಾರ ಎಂದು ನಮ್ಮೂರಿನವರು ಹೇಳಿಕೊಂಡು ತಿರುಗುತ್ತಾರೆ. ಜಾವಗಲ್ ಬಸ್ ಸ್ಟ್ಯಾಂಡಿನಲ್ಲಿ ಕೂತು ಹೇಳುತ್ತಾರೆ, ಮದುವೆ ಮನೆಯ ಪಂಕ್ತಿಯಲ್ಲಿ ಹೇಳುತ್ತಾರೆ, ನನ್ನ ಮುಖ ನೋಡಿಕೊಂಡೇ ಹೇಳುತ್ತಾರೆ. ನಾನು ಆ ಶಾಲೆಯ ಕೊನೆಯ ಮುಖ್ಯ ಶಿಕ್ಷಕಿ. ಅದಕ್ಕೂ ಮೊದಲು ಅದೇ ಊರಿನ ಮಗಳು, ಅದೇ ಶಾಲೆಯ ನೆಲದ ಮೇಲೆ ಕೂತು ಅಕ್ಷರ ಕಲಿತವಳು. ಮುಚ್ಚಿಸಿದವರು ಯಾರೆಂದು ನನಗೆ ಗೊತ್ತು. ಅವರಲ್ಲಿ ಎಲ್ಲರಿಗಿಂತ ಮುಂದೆ ನಿಂತಿದ್ದವನು ನನ್ನ ಒಡಹುಟ್ಟಿದ ತಮ್ಮ. ಸಿಟ್ಟು ಇಳಿಯಲಿ, ಆಮೇಲೆ ಬರೆಯೋಣ ಎಂದು ಬಹಳ ಕಾಲ ಕಾದೆ. ಅದು ಇಳಿಯುವ ಹಾಗೆ ಕಾಣುತ್ತಿಲ್ಲ, ಹಾಗಾಗಿ ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ.

ನಮ್ಮೂರು ಜಾವಗಲ್‌ಗೂ ಹಳೇಬೀಡಿಗೂ ನಡುವೆ, ಮುಖ್ಯ ರಸ್ತೆಯಿಂದ ಸ್ವಲ್ಪ ಒಳಗಿದೆ. ತೆಂಗಿನ ತೋಟಗಳು, ರಾಗಿ ಹೊಲ, ಮನೆಗೊಂದೆರಡು ಸೀಮೆಹಸು. ನಾನು ಮದುವೆಯಾಗಿ ಹಳೇಬೀಡು ಸೇರಿದರೂ ಕೆಲಸ ಸಿಕ್ಕಿದ್ದು ತವರಿನ ಶಾಲೆಯಲ್ಲಿ. ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದೆ. ನಾನು ಓದುವಾಗ ಒಂದೊಂದು ಮನೆಯಿಂದ ನಾಲ್ಕೈದು ಮಕ್ಕಳು ಬರುತ್ತಿದ್ದವು, ಕೂರಲು ಜಾಗ ಸಾಲದೆ ಜಗಲಿಯಲ್ಲೂ ಪಾಠ ನಡೆಯುತ್ತಿತ್ತು. ಈಗ ಮನೆಗೊಂದು ಮಗು, ಬಹಳವಾದರೆ ಎರಡು. ಎಷ್ಟೋ ಮನೆಗಳಲ್ಲಿ ಅದೂ ಇಲ್ಲ, ಮೂವತ್ತೈದು ದಾಟಿದ ಗಂಡುಗಳಿಗೆ ಹೆಣ್ಣು ಕೊಡುವವರಿಲ್ಲ. ಇರುವ ಮಕ್ಕಳನ್ನು ಬೆಳಿಗ್ಗೆ ಇಂಗ್ಲಿಷ್ ಶಾಲೆಯ ಹಳದಿ ವ್ಯಾನು ಬಂದು ತುಂಬಿಕೊಂಡು ಹೋಗುತ್ತದೆ. ಊರಿನಲ್ಲಿ ಓಟು ಹಾಕುವವರಿಗೆ ಬರವಿಲ್ಲ, ಮಗ್ಗಿ ಹೇಳುವವರೇ ಇಲ್ಲ.

ಮಕ್ಕಳು ಕಡಿಮೆಯಾದ ಶಾಲೆಯನ್ನು ಪಕ್ಕದ ಶಾಲೆಗೆ ಸೇರಿಸಿಬಿಡುವುದು ಸರ್ಕಾರದ ನೀತಿ. ಅದಕ್ಕೆ ವಿಲೀನ ಎಂಬ ಒಳ್ಳೆಯ ಹೆಸರಿದೆ. ಪ್ರತಿ ವರ್ಷ ಜೂನ್ ಬಂದರೆ, ಕೂಲಿಯವರ ಮಕ್ಕಳು, ವ್ಯಾನಿನ ಫೀಸು ಕಟ್ಟಲಾಗದವರ ಮಕ್ಕಳು, ಅಜ್ಜಿ ಮನೆಯಲ್ಲಿ ಬಿಟ್ಟುಹೋದ ಮೊಮ್ಮಕ್ಕಳು ಅಂತ ಮನೆಮನೆ ಸುತ್ತಿ ಒಂದು ಹಿಡಿ ಮಕ್ಕಳನ್ನು ಕೂಡಿಸುತ್ತಿದ್ದೆ. ವಿಲೀನವಾದರೆ ಇವರೆಲ್ಲ ಹೆದ್ದಾರಿ ಬದಿಯ ಶಾಲೆಗೆ ಹೋಗಬೇಕು. ಲಾರಿ ಓಡಾಡುವ ರಸ್ತೆ, ದಾಟಿಸಲು ಯಾರೂ ಇಲ್ಲ. ದೊಡ್ಡವರೇ ಜೀವ ಕೈಯಲ್ಲಿ ಹಿಡಿದು ದಾಟುವ ಜಾಗ ಅದು. ಮಕ್ಕಳು ಅಲ್ಲಿಗೆ ಹೋಗುವುದಿಲ್ಲ, ಸುಮ್ಮನೆ ಮನೆಯಲ್ಲಿ ಉಳಿಯುತ್ತಾರೆ ಎಂದು ನನಗೆ ಗೊತ್ತಿತ್ತು. ನಾನು ಕಾಯುತ್ತಿದ್ದುದು ಆ ಕಟ್ಟಡವನ್ನಲ್ಲ, ಈ ಕೆಲವರ ಓದನ್ನು.

ಅಂಥ ಹೊತ್ತಿನಲ್ಲಿ ಅಸ್ಸಾಮಿನವರು ಬಂದರು. ಕರೆಸಿದವನು ನನ್ನ ತಮ್ಮನೇ. ನಮ್ಮ ಕಡೆ ತೆಂಗಿನಕಾಯಿಯನ್ನು ಅಟ್ಟಕ್ಕೆ ಹಾಕಿ, ಹತ್ತಿರ ಹತ್ತಿರ ಒಂದು ವರ್ಷ ಮುಟ್ಟದೆ ಬಿಡುತ್ತೇವೆ. ಒಳಗಿನ ನೀರು ಇಂಗಿ ಕಾಯಿ ಉಂಡೆ ಕೊಬ್ಬರಿಯಾಗುತ್ತದೆ. ಆಮೇಲೆ ಸಿಪ್ಪೆ ಸುಲಿದು, ಉಂಡೆ ಒಡೆಯದ ಹಾಗೆ ಕರಟ ಬಿಡಿಸಬೇಕು. ಬೆನ್ನು ಮುರಿಯುವ ಕೆಲಸ. ನಮ್ಮೂರಿನ ಹುಡುಗರಿಗೆ ಬೈಕಿನ ಮೇಲೆ ಕೂತು ಮೊಬೈಲ್ ನೋಡುವುದರಲ್ಲಿ ಬಿಡುವಿಲ್ಲ. ಹಾಗಾಗಿ ತಮ್ಮ ಏಜೆಂಟನ ಮೂಲಕ ಏಳೆಂಟು ಸಂಸಾರ ಕರೆಸಿ, ತೋಟದ ಅಂಚಿನಲ್ಲಿ ತಗಡಿನ ಶೆಡ್ಡು ಹಾಕಿಸಿದ. ಊರಿನ ಮಿಕ್ಕ ತೋಟದವರೂ ಅವರನ್ನೇ ಕೆಲಸಕ್ಕೆ ಕರೆದರು. ಆಗ ಯಾರಿಗೂ ಅವರ ಭಾಷೆ, ದೇವರು, ಹುಟ್ಟಿದ ಊರು ಒಂದೂ ಬೇಕಾಗಿರಲಿಲ್ಲ. ಬೆಳಗಾಗುವಷ್ಟರಲ್ಲಿ ತೋಟದಲ್ಲಿದ್ದರೆ ಸಾಕಿತ್ತು.

ನಾನು ಶೆಡ್ಡಿಗೆ ಹೋಗಿ ಮಕ್ಕಳನ್ನು ಕೇಳಿದೆ. ಒಬ್ಬ ತಾಯಿ, ಅಲ್ಲಿದ್ದವರಲ್ಲಿ ಚೂರುಪಾರು ಹಿಂದಿ ಬರುತ್ತಿದ್ದವಳು, ದುಡ್ಡು ಎಷ್ಟು ಎಂದು ಕೇಳಿದಳು. ದುಡ್ಡಿಲ್ಲ, ಊಟ ಹಾಲು ಕೊಡುತ್ತೇವೆ ಎಂದೆ. ನಂಬಲಿಲ್ಲ. ಮಾರನೆಯ ದಿನ ಮಗಳ ಜೊತೆ ತಾನೂ ಬಂದು, ಬಾಗಿಲ ಹತ್ತಿರ ಕೂತು, ಮಧ್ಯಾಹ್ನ ಮಗಳ ತಟ್ಟೆಗೆ ಅನ್ನ ಸಾರು ಬೀಳುವುದನ್ನು ಕಣ್ಣಾರೆ ಕಂಡು ಎದ್ದುಹೋದಳು. ಆ ವಾರ ಮುಗಿಯುವುದರೊಳಗೆ ಶೆಡ್ಡಿನ ಮಕ್ಕಳೆಲ್ಲ ಶಾಲೆಯಲ್ಲಿದ್ದವು. ಟಿ.ಸಿ. ಇಲ್ಲದಿದ್ದರೂ ಸೇರಿಸಿಕೊಳ್ಳಬೇಕು ಎಂದು ಕಾನೂನೇ ಹೇಳುತ್ತದೆ, ಸೇರಿಸಿಕೊಂಡೆ. ಆ ವರ್ಷ ವಿಲೀನದ ಮಾತು ಬರಲಿಲ್ಲ.

ನಾನೇನೂ ಅವರನ್ನು ತಲೆಯ ಮೇಲೆ ಹೊತ್ತು ಮೆರೆಸಿದವಳಲ್ಲ. ಅಪ್ಪಂದಿರು ಗುಟ್ಕಾ ಉಗಿದು ಕಾಂಪೌಂಡು ಕೆಂಪು ಮಾಡಿದಾಗ ಅವರ ಕೈಯಲ್ಲೇ ತೊಳೆಸಿದ್ದೇನೆ. ಮೊದಲ ತಿಂಗಳು ಮಕ್ಕಳು ಒಂದು ಕಡೆ ಕೂರುತ್ತಿರಲಿಲ್ಲ, ಗಂಟಲು ಹರಿದುಹೋಗುತ್ತಿತ್ತು. ಆದರೆ ಕನ್ನಡ ಬಂದ ರೀತಿ ನೋಡಬೇಕಿತ್ತು. ಪಾಠದಿಂದ ಬಂದದ್ದು ಕಡಿಮೆ, ಬಯಲಿನಲ್ಲಿ ಆಡಿ ಬಂದದ್ದು ಹೆಚ್ಚು. ಒಂದು ಸಲ ಎಲ್ಲರನ್ನೂ ಹಳೇಬೀಡಿಗೆ, ಅಲ್ಲಿಂದ ಹುಲಿಕೆರೆಯ ಕಲ್ಲಿನ ಕೊಳಕ್ಕೆ ಕರೆದುಕೊಂಡು ಹೋಗಿದ್ದೆ. ಮೆಟ್ಟಿಲ ಮೇಲೆ ಕೂತಿದ್ದ ಯಾರೋ ಹೆಂಗಸು, ಆ ತಾಯಿಯ ಮಗಳ ಮುಖ ನೋಡಿ, ಯಾವ ಕಡೆಯ ಮಗು ಎಂದು ಕೇಳಿದರು. ಹುಡುಗಿ ಒಂದು ಚಣವೂ ಯೋಚಿಸದೆ "ಜಾವಗಲ್ ತಾವ ಕಣಜ್ಜಿ ನಮ್ಮೂರು" ಅಂದಳು. ಹೆಂಗಸು ನಕ್ಕರು. ನಾನು ನಗಲಿಲ್ಲ, ನನಗೆ ಹೆಮ್ಮೆಯಾಗಿತ್ತು. ವ್ಯಾನಿನಲ್ಲಿ ಹೋಗುವ ನನ್ನ ತಮ್ಮನ ಮಗಳಿಗೆ ಹೀಗೆ ಮಾತಾಡಿದರೆ ಅವಳ ಶಾಲೆಯಲ್ಲಿ ಬೈಗುಳ ಬೀಳುತ್ತದೆ.

ಎರಡನೆಯ ವರ್ಷ ಗಾಳಿ ತಿರುಗಿತು. ಎಲ್ಲಿಂದಲೋ ಮೊಬೈಲಿಗೆ ವಿಡಿಯೋಗಳು ಬಂದವು. ಗಡಿ ಹಾರಿ ಬಂದವರು, ಇನ್ನು ಹತ್ತು ವರ್ಷಕ್ಕೆ ನಾವೇ ಇಲ್ಲಿ ಕಡಿಮೆಯಾಗುತ್ತೇವೆ ಎಂದು ಯಾರೋ ಕಿರುಚುವ ವಿಡಿಯೋ. ಹಾಲಿನ ಡೈರಿ ಮುಂದೆ ಕ್ಯಾನು ಇಟ್ಟುಕೊಂಡು ನಿಂತವರೆಲ್ಲ ಇದ್ದಕ್ಕಿದ್ದಂತೆ ದೇಶದ ಜನಸಂಖ್ಯೆಯ ಬಗ್ಗೆ ಚಿಂತೆ ಮಾಡತೊಡಗಿದರು. ಮದುವೆಯಾಗದ ಗಂಡುಗಳಿಗೆ ಈ ಚಿಂತೆ ಇನ್ನೂ ಜೋರು. ಪೊಲೀಸರು ಬಂದು ಎಲ್ಲರ ಆಧಾರ್ ನೋಡಿ, ಸರಿಯಾಗಿದೆ ಎಂದು ಹೇಳಿ, ಎಳನೀರು ಕುಡಿದು ಹೋದರು. ಅಲ್ಲಿಗೆ ಮುಗಿಯಬೇಕಿತ್ತಲ್ಲ, ಮುಗಿಯಲಿಲ್ಲ. ಆಧಾರ್ ಸರಿಯಾಗಿದೆ ಅಂದಮೇಲೆ ಮಾತು ಶಾಲೆಯ ಊಟಕ್ಕೆ ಕೊಡುವ ಮೊಟ್ಟೆಗೆ ಬಂತು. ನಮ್ಮ ಮಕ್ಕಳ ಮೊಟ್ಟೆಯನ್ನು ಅವರು ತಿನ್ನುತ್ತಿದ್ದಾರಂತೆ. ನಿಮ್ಮ ಯಾವ ಮಗು ನನ್ನ ಶಾಲೆಯಲ್ಲಿದೆ, ಯಾರ ತಟ್ಟೆಯ ಮೊಟ್ಟೆ ಹೋಯಿತು ಎಂದು ನಾನು ಡೈರಿ ಮುಂದೆ ನಿಂತೇ ಕೇಳಿದೆ. ಟೀಚರಮ್ಮನ ಬಾಯಿ ಜಾಸ್ತಿಯಾಯಿತು ಎಂದರು. ನನ್ನ ತಮ್ಮ ಗ್ರಾಮ ಪಂಚಾಯ್ತಿ ಸದಸ್ಯ. ಅವನೂ ಅಲ್ಲೇ ಇದ್ದ, ಹಾಲಿನ ಕ್ಯಾನಿನ ಮುಚ್ಚಳ ತೆಗೆದು ಹಾಕಿ ಮಾಡುತ್ತಿದ್ದ.

ಅಷ್ಟರಲ್ಲಿ ಮೂರು ವರ್ಷಕ್ಕೊಮ್ಮೆ ಬರುವ ಊರಮ್ಮನ ಹಬ್ಬ ಹತ್ತಿರ ಬಂತು. ನಮ್ಮ ಕಡೆ ಹಬ್ಬಕ್ಕೆ ಮುಂಚೆ ತಮಟೆ ಬಡಿದು ಸಾರು ಹಾಕುತ್ತಾರೆ, ಅಂದರೆ ಹಬ್ಬ ಸಾರುತ್ತಾರೆ. ಸಾರು ಹಾಕಿದ ಮೇಲೆ ಹಬ್ಬ ಮುಗಿಯುವ ತನಕ ಊರಿನವರು ಹೊರಗೆ ರಾತ್ರಿ ಕಳೆಯುವ ಹಾಗಿಲ್ಲ, ಹೊರಗಿನವರು ಬಂದು ಊರೊಳಗೆ ತಂಗುವ ಹಾಗಿಲ್ಲ. ಯಾವ ಮನೆಯಲ್ಲೂ ಒಗ್ಗರಣೆ ಇಲ್ಲ, ಕರಿಯುವುದಿಲ್ಲ. ಇದಕ್ಕೆ ಇನ್ನೊಂದು ಕಟ್ಟೂ ಇದೆ. ಸಾರು ಬೀಳುವ ಹೊತ್ತಿಗೆ ಊರ ಗಡಿಯೊಳಗೆ ಯಾರಿದ್ದರೂ ಅವರು ಆ ಹಬ್ಬದ ಮಟ್ಟಿಗೆ ಊರಿನವರೇ, ಅವರನ್ನು ಕಳಿಸುವಂತಿಲ್ಲ. ನನ್ನ ಅಜ್ಜಿಯ ಕಾಲದಲ್ಲಿ ಒಬ್ಬ ಬಳೆಗಾರ ಹೀಗೆ ತಮಟೆಯ ಸದ್ದಿಗೆ ಸಿಕ್ಕಿಕೊಂಡು, ಹಬ್ಬ ಮುಗಿಯುವ ತನಕ ಸರದಿಯ ಮೇಲೆ ಮನೆಮನೆಯಲ್ಲಿ ಉಂಡನಂತೆ. ಅವನ ಕೈಯಿಂದಲೂ ಎಲ್ಲರ ಹಾಗೆ ವಂತಿಗೆ ಹಾಕಿಸಿಕೊಂಡು, ಪೂಜೆಯಾದ ಮೇಲೆ ಪಾಲು ಕೊಟ್ಟರಂತೆ. ಇದನ್ನು ಊರಿನಲ್ಲಿ ತಿಳಿಯದವರು ಯಾರೂ ಇಲ್ಲ.

ಗುಡಿಯ ಮುಂದೆ ಸೇರಿದ ಹಬ್ಬದ ಸಭೆಯಲ್ಲಿ ಶೆಡ್ಡಿನವರ ಮಾತು ಬಂತು. ಅವರಿಂದ ವಂತಿಗೆ ತೆಗೆದುಕೊಂಡರೆ ಅವರೂ ಊರಿನವರಾಗುತ್ತಾರೆ, ಇವತ್ತು ಪಾಲು ಕೊಟ್ಟರೆ ನಾಳೆ ಸೈಟು ಕೇಳುತ್ತಾರೆ, ನಾಡಿದ್ದು ಓಟು. ತೆಗೆದುಕೊಳ್ಳದಿದ್ದರೆ ಊರೊಳಗೆ ಹೊರಗಿನವರು ಉಳಿದ ಹಾಗಾಗಿ ಅಮ್ಮನಿಗೆ ಸಿಟ್ಟು ಬರುತ್ತದೆ. ಅಮ್ಮನ ಸಿಟ್ಟಿನ ಗುತ್ತಿಗೆ ಇವರದೇ ಅಲ್ಲವೇ. ಬಹಳ ಹೊತ್ತು ತಲೆ ಕೆರೆದುಕೊಂಡು ಕೊನೆಗೆ ದಾರಿ ಕಂಡುಕೊಂಡರು. ಸಾರು ಹಾಕುವ ಮೊದಲೇ ಅವರನ್ನು ಗಡಿ ದಾಟಿಸುವುದು, ಹಬ್ಬ ಮುಗಿದ ಮೇಲೆ ಮತ್ತೆ ಕರೆದುಕೊಳ್ಳುವುದು. ಕಟ್ಟು ಮುರಿದ ಹಾಗೂ ಇಲ್ಲ, ಕೆಲಸ ಕೆಟ್ಟ ಹಾಗೂ ಇಲ್ಲ. ಈ ಜಾಣ ಉಪಾಯ ಹೇಳಿದವನು ನನ್ನ ತಮ್ಮ.

ನಾನು ಅವನ ಮನೆಗೇ ಹೋದೆ. ಇದು ಶಾಲೆ ನಡೆಯುವ ಕಾಲ, ಇಲಾಖೆಯವರು ಯಾವಾಗ ಬೇಕಾದರೂ ಮಕ್ಕಳನ್ನು ಎಣಿಸಲು ಬರಬಹುದು, ಅವರಿಲ್ಲದೆ ಹೋದರೆ ಶಾಲೆ ಕೈಬಿಟ್ಟು ಹೋಗುತ್ತದೆ ಎಂದು ಬಿಡಿಸಿ ಹೇಳಿದೆ. ಅವನು ತಟ್ಟೆಯಿಂದ ತಲೆ ಎತ್ತಲಿಲ್ಲ.

"ಊರೋರ ಮಾತು ಕಣಕ್ಕ, ನಾನೊಬ್ನೇ ಏನ್ ಮಾಡ್ಲಿ. ಅವ್ರಿಗೇನು, ಎಲ್ಲಾದ್ರೂ ಇದ್ದು ಬತ್ತಾರೆ."

"ಎಲ್ಲಿ ಇರ್ತಾರೋ? ನಿನ್ನ ಹೆಂಡ್ತಿ ಮಗಳನ್ನ ಹೀಗೇ ಎಲ್ಲಾದ್ರೂ ಇದ್ದು ಬನ್ನಿ ಅಂತ ಕಳಿಸ್ತೀಯಾ?"

ಅವನ ಹೆಂಡತಿ ಅಡುಗೆಮನೆಯಿಂದ ಬಂದು, ಊಟದ ಹೊತ್ತಿನಲ್ಲಿ ಇಂಥ ಮಾತು ಬೇಡ ಅತ್ತಿಗೆ ಎಂದಳು. ನಾನು ಎದ್ದು ಬಂದೆ.

ಸಾರು ಹಾಕುವ ದಿನ ಮಧ್ಯಾಹ್ನವೇ ಎರಡು ಗೂಡ್ಸ್ ಆಟೋ ಬಂದವು. ಊಟದ ಗಂಟೆ ಹೊಡೆಯುವ ಮೊದಲೇ ಅಪ್ಪಂದಿರು ಬಂದು ಮಕ್ಕಳನ್ನು ಎಬ್ಬಿಸಿಕೊಂಡು ಹೋದರು. ಅಡುಗೆಯವಳು ಅವರ ಪಾಲಿನ ಮೊಟ್ಟೆಗಳನ್ನು ಒಂದು ಡಬ್ಬಿಗೆ ಹಾಕಿ ಆಟೋ ತನಕ ಓಡಿಹೋಗಿ ಕೊಟ್ಟಳು. ನಾನು ಗೇಟಿನಲ್ಲಿ ನಿಂತಿದ್ದೆ. ನನ್ನ ಸುತ್ತ ಊರಿನ ಗಂಡಸರು, ಯಾವನೂ ಒಂದು ಪಾತ್ರೆ ಎತ್ತಿ ಆಟೋಗೆ ಇಡಲಿಲ್ಲ. ಬೇಗ, ಬೇಗ, ಸೂರ್ಯ ಇಳಿಯುವುದರೊಳಗೆ ಹೊರಡಿ ಎಂದು ಅವಸರ ಮಾಡುತ್ತಿದ್ದರು. ಆಟೋಗಳು ಗಡಿಕಲ್ಲು ದಾಟಿದವು. ಶಾಲೆ ಬಿಟ್ಟ ಮೇಲೆ ನಾನೂ ಗಡಿ ದಾಟಿ ರಸ್ತೆಯಲ್ಲಿ ಬಸ್ಸಿಗೆ ನಿಂತಿದ್ದಾಗ ತಮಟೆ ಬಿತ್ತು.

ಆ ಸದ್ದು ಕೇಳಿದರೆ ಚಿಕ್ಕಂದಿನಿಂದ ನನಗೆ ಮೈ ಜುಮ್ಮೆನ್ನುತ್ತಿತ್ತು. ಅವತ್ತು ಹೇಸಿಗೆಯಾಯಿತು. ನಾನು ಹೊರಗಿನ ಮನೆ ಸೇರಿದ ಹೆಣ್ಣು, ನನಗೂ ಊರೊಳಗೆ ಉಳಿಯುವ ಹಕ್ಕಿಲ್ಲ. ಸಂಜೆ ಬಸ್ಸಿಗೆ ಹಳೇಬೀಡಿಗೆ ಹೊರಟುಬಂದೆ.

ನಾನು ಹೆದರಿದ ಹಾಗೇ ಆಯಿತು. ಹಬ್ಬದ ನಡುವೆ ಒಂದು ದಿನ ಇಲಾಖೆಯ ಅಧಿಕಾರಿ ಬಂದರು. ತರಗತಿಯಲ್ಲಿ ನಾಲ್ಕು ಮಕ್ಕಳಿದ್ದರು. ಮಿಕ್ಕವರು ಎಲ್ಲಿ ಎಂದು ಕೇಳಿದರು, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಒಳ್ಳೆಯ ಮನುಷ್ಯರೇ, ತಲೆ ಆಡಿಸಿದರು. ಹಬ್ಬ ಮುಗಿದು ಅವರು ವಾಪಸ್ಸು ಬರಲಿ, ನಾನು ಇನ್ನೊಂದು ಸಲ ಬಂದು ನೋಡುತ್ತೇನೆ ಎಂದರು. ನನಗೆ ಹೋದ ಜೀವ ಬಂದ ಹಾಗಾಯಿತು.

ಹಬ್ಬ ಮುಗಿಯಿತು. ಶೆಡ್ಡಿನವರು ಬರಲಿಲ್ಲ. ಬೇಲೂರಿನ ಆಚೆ ಕಾಫಿ ಎಸ್ಟೇಟಿನಲ್ಲಿ ಕೆಲಸ ಸಿಕ್ಕಿದೆ, ಇರಲು ಲೈನ್ ಮನೆ ಕೊಟ್ಟಿದ್ದಾರೆ ಎಂದು ಆ ತಾಯಿ ಫೋನಿನಲ್ಲಿ ನನಗೆ ಹೇಳಿದಳು. ಮಗಳ ಶಾಲೆ ಎಂದೆ. ಶಾಲೆ ದೂರ ಎಂದಳು. ನಮ್ಮೂರಿನವರ ತಲೆಯಲ್ಲಿ ಇದೊಂದು ಹೊಳೆದೇ ಇರಲಿಲ್ಲ. ಗಡಿಯಾಚೆ ಕಳಿಸಿದವರು ಅಲ್ಲೇ ಮರದ ಕೆಳಗೆ ಮಕ್ಕಳನ್ನು ಕಟ್ಟಿಕೊಂಡು, ಯಾವಾಗ ಕರೆದಾರು ಎಂದು ಕಾಯುತ್ತಾ ಕೂತಿರುತ್ತಾರೆ ಎಂದು ಅಂದುಕೊಂಡಿದ್ದರು. ಮೇಯಲು ಬಿಟ್ಟ ದನವಾದರೂ ಹುಲ್ಲಿದ್ದ ಕಡೆಗೆ ಹೋಗುತ್ತದೆ.

ಅಧಿಕಾರಿ ಎರಡನೆಯ ಸಲ ಬರುವ ಸುದ್ದಿ ಊರಿಗೆ ತಿಳಿಯಿತು. ಅವತ್ತು ಶಾಲೆಯ ಮುಂದೆ ಸೇರಿದ್ದಷ್ಟು ಜನವನ್ನು ನಾನು ಆ ಅಂಗಳದಲ್ಲಿ ಎಂದೂ ಕಂಡಿರಲಿಲ್ಲ. ಸ್ವಾತಂತ್ರ್ಯ ದಿನದ ಬಾವುಟಕ್ಕೂ ಬಾರದವರು ಇಸ್ತ್ರಿ ಅಂಗಿ ಹಾಕಿಕೊಂಡು ಬಂದಿದ್ದರು. ನಮ್ಮೂರ ಶಾಲೆ ನಮ್ಮ ಹಕ್ಕು ಎಂದು ಬ್ಯಾನರು ಬೇರೆ. ಫೋಟೋ ತೆಗೆಯುವವನನ್ನು ಅರಸೀಕೆರೆಯಿಂದ ಕರೆಸಿದ್ದರು. ಅಧಿಕಾರಿ ಬ್ಯಾನರು ಪೂರ್ತಿ ಓದಿ, ಬಹಳ ಮೆಲ್ಲಗೆ ಕೇಳಿದರು.

"ಇಲ್ಲಿರೋರಲ್ಲಿ ಯಾರ ಮಕ್ಕಳು ಈ ಶಾಲೆಗೆ ಬರ್ತಾರೆ, ಕೈ ಎತ್ತಿ."

ಒಂದು ಕೈಯೂ ಏಳಲಿಲ್ಲ. ಆ ನಾಲ್ಕು ಮಕ್ಕಳ ಅಪ್ಪ ಅಮ್ಮ ಕೂಲಿಗೆ ಹೋಗಿದ್ದರು. ಆಗ ನನ್ನ ತಮ್ಮ ಮುಂದೆ ಬಂದು ಕೈ ಮುಗಿದ.

"ಅಸ್ಸಾಮ್‌ನೋರ ಮಕ್ಳು ಇದಾವಲ್ಲ ಸಾರ್, ಅವೂ ನಮ್ಮೂರ ಮಕ್ಳೇಯ. ಅವ್ರ ಕಡೆ ಏನೋ ಹಬ್ಬ ಅಂತ ಊರಿಗೋಗವ್ರೆ, ಬತ್ತಾರೆ."

ಮೊಟ್ಟೆಯ ಲೆಕ್ಕ ಕೇಳಿದವರೆಲ್ಲ ಹೌದು ಹೌದು ಎಂದು ತಲೆ ಆಡಿಸಿದರು. ನನ್ನ ಕಿವಿಯನ್ನು ನನಗೇ ನಂಬಲಾಗಲಿಲ್ಲ. ವಂತಿಗೆ ಹಾಕಿಸಿಕೊಳ್ಳಲು ಆಗದವರು, ಪಾಲು ಕೊಡಲು ಆಗದವರು, ತಮಟೆಗೆ ಮೊದಲೇ ಗಡಿ ದಾಟಿಸಿದವರು ಈಗ ನಮ್ಮೂರ ಮಕ್ಕಳು ಎನ್ನುತ್ತಿದ್ದರು, ಅದೂ ತಲೆ ಎಣಿಸುವ ಹೊತ್ತಿಗೆ. ಶಾಲೆ ಉಳಿಯಲಿ ಎಂದು ನನಗಿಂತ ಆಸೆ ಪಟ್ಟವರು ಅಲ್ಲಿ ಯಾರೂ ಇರಲಿಲ್ಲ. ಆದರೂ ಆ ಸುಳ್ಳಿಗೆ ಹೂಂ ಅನ್ನಲು ನನ್ನಿಂದ ಆಗಲಿಲ್ಲ. ಅಷ್ಟಕ್ಕೂ ಅಧಿಕಾರಿಗೆ ಮೊದಲ ಸಲವೇ ನಿಜ ಹೇಳಿದ್ದೆ.

"ಅವರು ಯಾವ ಹಬ್ಬಕ್ಕೂ ಹೋಗಿಲ್ಲ ಸರ್. ನಮ್ಮ ಹಬ್ಬಕ್ಕೆ ಇವರೇ ಕಳಿಸಿದ್ದು."

ಅಧಿಕಾರಿ ನನ್ನ ತಮ್ಮನನ್ನು ನೋಡಿದರು. ಜೂನ್‌ನಲ್ಲಿ ಶಾಲೆ ವಿಲೀನವಾಯಿತು. ನಾನು ಬೀಗ ಹಾಕಿ ಕೀಲಿ ಕೊಟ್ಟೆ. ನನ್ನನ್ನು ಅರಸೀಕೆರೆಯ ಆಚೆಯ ಶಾಲೆಯೊಂದಕ್ಕೆ ಹಾಕಿದರು. ಆ ನಾಲ್ವರಲ್ಲಿ ಹೆದ್ದಾರಿ ಶಾಲೆಗೆ ಹೋದವನು ಒಬ್ಬನೇ, ಅವನಿಗೆ ಸೈಕಲ್ಲಿತ್ತು. ಊರಿನವರು ಬೈದದ್ದು ನನಗೆ. ಸ್ವಂತ ಊರಿನ ಮೇಲೆ ಚಾಡಿ ಹೇಳಿದವಳು ಎಂದರು. ತಮ್ಮ ಆ ವರ್ಷ ಗೌರಿ ಹಬ್ಬಕ್ಕೆ ಬಾಗಿನ ತರಲಿಲ್ಲ. ತಂದಿದ್ದರೂ ನಾನು ತೆಗೆದುಕೊಳ್ಳುತ್ತಿರಲಿಲ್ಲ.

ದೀಪಾವಳಿಯ ಹೊತ್ತಿಗೆ ಅಟ್ಟದ ಕಾಯಿ ಕೊಬ್ಬರಿಯಾಗಿತ್ತು, ರೇಟೂ ಏರಿತ್ತು, ಸುಲಿಯುವ ಕೈಗಳಿರಲಿಲ್ಲ. ತಮ್ಮ ಬೇಲೂರಿಗೆ ಎರಡು ಮೂರು ಸಲ ಹೋಗಿ, ಕೂಲಿ ಜಾಸ್ತಿ ಕೊಡುತ್ತೇನೆ ಎಂದು ಅದೇ ಸಂಸಾರಗಳನ್ನು ಹಿಂದಕ್ಕೆ ಕರೆದ. ಅವರು ತಗಡಿನ ಶೆಡ್ಡು ಒಲ್ಲೆವು, ಗೋಡೆ ಇರುವ ಜಾಗ ಕೊಟ್ಟರೆ ಬರುತ್ತೇವೆ ಎಂದರಂತೆ. ಊರಿನಲ್ಲಿ ಯಾರೂ ಮನೆ ಬಾಡಿಗೆಗೆ ಕೊಡಲಿಲ್ಲ. ಪಂಚಾಯ್ತಿ ಸದಸ್ಯನಿಗೆ ಆಗ ಖಾಲಿ ಬಿದ್ದ ಕಟ್ಟಡವೊಂದು ನೆನಪಾಯಿತು. ಅವರನ್ನು ತಂದು ಶಾಲೆಯಲ್ಲಿ ಇರಿಸಿದ.

ಈ ಸುದ್ದಿ ನನಗೆ ತಿಳಿದದ್ದು ಹಳೇಬೀಡಿನ ಸಂತೆಯಲ್ಲಿ, ನಮ್ಮ ಹಳೆಯ ಅಡುಗೆಯವಳಿಂದ. ಭಾನುವಾರ ಬಸ್ಸು ಹತ್ತಿ ಹೋದೆ. ನಲಿಕಲಿ ಕೋಣೆಯಲ್ಲಿ ಸಂಸಾರ, ಆಫೀಸು ಕೋಣೆಯಲ್ಲಿ ಸಂಸಾರ. ಕಪ್ಪು ಹಲಗೆಯ ಮೊಳೆಗೆ ಹಗ್ಗ ಕಟ್ಟಿ ಬಟ್ಟೆ ಒಣಹಾಕಿದ್ದರು. ತಮ್ಮ ಅಂಗಳದಲ್ಲಿ ನಿಂತು ಕೊಬ್ಬರಿ ಮೂಟೆ ಟೆಂಪೋಗೆ ಹಾಕಿಸುತ್ತಿದ್ದ. ಇವರ ಮಕ್ಕಳ ಶಾಲೆಗೆ ಏನು ಏರ್ಪಾಡು ಮಾಡಿದ್ದೀಯ ಎಂದು ಕೇಳಿದೆ. ಹೆದ್ದಾರಿ ಶಾಲೆಗೆ ನಡೆಯಲಿ ಎಂದ. ಹಳದಿ ವ್ಯಾನು ಇದೇ ಗೇಟಿನ ಮುಂದೆ ಹಾದುಹೋಗುತ್ತದಲ್ಲ, ಹೆದ್ದಾರಿ ತನಕ ಇವರನ್ನೂ ಬಿಡಲು ಹೇಳು ಎಂದೆ. ವ್ಯಾನಿನವರು ಒಪ್ಪಲ್ಲ ಎಂದ. ಆಮೇಲೆ ಮೂಟೆಯ ಮೇಲೆ ಕೈ ಇಟ್ಟುಕೊಂಡು, ನನ್ನನ್ನು ಸಮಾಧಾನ ಮಾಡುವವನ ಹಾಗೆ ನಕ್ಕ.

"ಒಂದ್ ಲೆಕ್ಕಕ್ಕೆ ಮುಚ್ಚಿದ್ದು ಒಳ್ಳೇದೇ ಆಯ್ತು ಬಿಡಕ್ಕ. ಇಲ್ದಿದ್ರೆ ಇವ್ರನ್ನ ಎಲ್ಲಿ ಇಡಾದು?"

ನನಗೆ ಕೆನ್ನೆಗೆ ಬಾರಿಸುವಷ್ಟು ಕೋಪ ಬಂತು. ಕೈ ಎತ್ತಲಿಲ್ಲ. ಆ ತಾಯಿ ಒಳಗಿನಿಂದ ನನ್ನನ್ನು ನೋಡಿ, ಸೆರಗು ಸರಿಮಾಡಿಕೊಂಡು, ಬನ್ನಿ ಮೇಡಂ, ಟೀ ಕುಡೀರಿ ಎಂದು ತನ್ನ ಮನೆಗೆ ಕರೆಯುವ ಹಾಗೆ ಕರೆದಳು. ಅವಳ ಹಿಂದಿನಿಂದ ಮಗಳು ಓಡಿ ಬಂದಳು. ಒಂದು ಗೇಣು ಉದ್ದವಾಗಿದ್ದಳು. ಯೂನಿಫಾರಂ ಲಂಗ ಮಂಡಿಯ ಮೇಲಕ್ಕೆ ಹೋಗಿತ್ತು. ಬಂದವಳು ನನ್ನ ಕೈ ಹಿಡಿದು ಒಳಕ್ಕೆ ಎಳೆದಳು.

"ಮಿಸ್, ನಾವು ದಿನಾಲೂ ಸ್ಕೂಲಲ್ಲೇ ಇರ್ತೀವಿ. ನೀವ್ಯಾಕೆ ಬರಲ್ಲ?"

ನಾನು ತಮ್ಮನ ಕಡೆ ಕೈ ತೋರಿಸಿದೆ.

"ಅವರನ್ನ ಕೇಳು ಮಗ."

ಅವಳು ನನ್ನ ಕೈ ಬಿಟ್ಟು, ಮೂಟೆಗಳ ನಡುವೆ ದಾರಿ ಮಾಡಿಕೊಂಡು ಹೋಗಿ, ಅವನ ಮುಂದೆ ನಿಂತು ಕೇಳಿದಳು.